ಬಾಲ್ಕನಿಗೆ ಬರುವ ಹಕ್ಕಿಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಬಿಸಿಲು ಏರುತ್ತಿದೆ. ಕುಂಡದಲ್ಲಿ ಗಿಡ ಬೆಳೆಸಿರುವವರು ಪಕ್ಕದಲ್ಲೇ ಒಂದು ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಎರಡು ಬೆರಳು ಆಳ ಸಾಕು. ಗುಬ್ಬಿ, ಪಿಕಳಾರ ಅಲ್ಲೇ ಸ್ನಾನವನ್ನೂ ಮಾಡುತ್ತವೆ. ದಿನಾ ತಟ್ಟೆ ತಿಕ್ಕಿ ನೀರು ಬದಲಿಸಿ, ಸೊಳ್ಳೆ ಆಗುವುದಿಲ್ಲ.

ದಾಸವಾಳಕ್ಕೆ ಬರುವ ಪುಟ್ಟ ಹಕ್ಕಿ ಯಾವುದು ಅಂತ ತುಂಬಾ ಜನ ಕೇಳಿದ್ದೀರಿ. ಅದು ಸೂರಕ್ಕಿ. ಬಾಗಿದ ಕೊಕ್ಕಿನಿಂದ ಮಕರಂದ ಹೀರುತ್ತದೆ. ಆದರೆ ಮರಿಗಳಿಗೆ ಕೊಡುವುದು ಹುಳು, ಜೇಡಗಳನ್ನೇ ಜಾಸ್ತಿ. ಹಾಗಾಗಿ ಗಿಡಕ್ಕೆ ಬಿಳಿ ಹಿಟ್ಟಿನಂತೆ ಅಂಟುವ ಕೀಟ, ಹಿಟ್ಟು ತಿಗಣೆ, ಕಂಡ ತಕ್ಷಣ ವಿಷ ಹೊಡೆಯಬೇಡಿ, ದಯವಿಟ್ಟು. ನೀರನ್ನು ಜೋರಾಗಿ ಬಿಟ್ಟು ತೊಳೆದರೆ ಎಷ್ಟೋ ಹೋಗುತ್ತದೆ. ಜೇಡರ ಬಲೆಯನ್ನೂ ಸ್ವಲ್ಪ ಉಳಿಸಿ. ನಾರು, ಒಣ ಎಲೆಗಳನ್ನು ಆ ಎಳೆಯಿಂದಲೇ ಬಿಗಿದು ಸೂರಕ್ಕಿ ಜೋತಾಡುವ ಗೂಡು ಕಟ್ಟುತ್ತದೆ. ಎಷ್ಟು ಚೆಂದದ ಕೆಲಸ ಅಲ್ವಾ! ಕಾವು ಕೂರುವುದು ಸುಮಾರು 2 ವಾರ. ಆಗ ಕುಂಡ ಸರಿಸಬೇಡಿ, ಫೋಟೋ ಕಿಟಕಿಯ ಒಳಗಿನಿಂದಲೇ ತೆಗೆಯಿರಿ.

ಪಾರಿವಾಳಕ್ಕೆ ಕಾಳು ಹಾಕುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವು ಗುಂಪಾಗಿ ಬಂದು ಕೂತರೆ ಸಣ್ಣ ಹಕ್ಕಿಗಳಿಗೆ ಜಾಗ ಸಿಗುವುದಿಲ್ಲ.

ಈ ಭಾನುವಾರ ಬೆಳಿಗ್ಗೆ 7ರಿಂದ 7.15ರವರೆಗೆ ಕಂಡ ಹಕ್ಕಿಗಳನ್ನು ಬಡಾವಣೆಯ ಹೆಸರಿನೊಂದಿಗೆ ಇಲ್ಲಿ ಹಾಕಿ. ಹೆಸರು ಗೊತ್ತಾಗದಿದ್ದರೆ ಬಣ್ಣ, ಕೊಕ್ಕು, ಬಾಲ ಹೇಗಿತ್ತು ಅಂತ ಬರೆಯಿರಿ.