ದೀಪಾವಳಿ ರ‍್ಯಾಫಲ್: ಟಿಕೆಟ್ ಮಾರುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ರ‍್ಯಾಫಲ್ (ಟಿಕೆಟ್ ಕೊಂಡವರಲ್ಲಿ ಚೀಟಿ ಎತ್ತಿ ಬಹುಮಾನ ಕೊಡುವುದು) ಟಿಕೆಟ್ ಈಗಲೇ ಮಾರೋಣವೇ ಅಂತ ಕೆಲವರು ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಇಲ್ಲಿ ಇಂಗ್ಲೆಂಡಿನಲ್ಲಿ 2005ರ ಜೂಜು ಕಾಯ್ದೆಯ ಪ್ರಕಾರ ರ‍್ಯಾಫಲ್ ಕೂಡ ಲಾಟರಿಯೇ, ನಮ್ಮ ಬಹುಮಾನ ಬರೀ ಕುಕ್ಕರ್ ಆದರೂ!

ಕಾರ್ಯಕ್ರಮದ ದಿನ ಹಾಲ್‌ನಲ್ಲೇ ಮಾರಿದರೆ ನೋಂದಣಿ ಬೇಡ. ಮೊದಲೇ ಊರೆಲ್ಲ ಮಾರುವುದಾದರೆ ಸಂಘವನ್ನು ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಲೇಬೇಕು. ಅದರ ಶುಲ್ಕ ಮೊದಲ ಸಲ 40 ಪೌಂಡ್, ಆಮೇಲೆ ವರ್ಷಕ್ಕೆ 20. ಹೀಗೆ ನೋಂದಾಯಿಸಿ ಮಾರಿದರೆ, ಬಂದ ಹಣದಲ್ಲಿ ಕನಿಷ್ಠ ಶೇ. 20 ಸಂಘದ ಉದ್ದೇಶಕ್ಕೇ ಹೋಗಬೇಕು. 16 ತುಂಬದವರಿಗೆ ಟಿಕೆಟ್ ಕೊಡುವಂತಿಲ್ಲ.

ಡ್ರಾ ಆದ 3 ತಿಂಗಳೊಳಗೆ ಕೌನ್ಸಿಲ್‌ಗೆ ಲೆಕ್ಕ ಒಪ್ಪಿಸಬೇಕು, ಅದಕ್ಕೆ ಇಬ್ಬರು ಸದಸ್ಯರ ಸಹಿ ಬೇಕು. ಯಾರು ಹಾಕುತ್ತೀರಿ, ಭಾನುವಾರದೊಳಗೆ ಇಲ್ಲೇ ತಿಳಿಸಿ.