ಭಾನುವಾರದ ಪದ: ಹೊಗು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 8ಕ್ಕೆ, ವಾಕಿಂಗ್ ಮುಗಿದ ಮೇಲೆ, ಕುಕ್ಕರಹಳ್ಳಿ ಕೆರೆ ಹತ್ತಿರ ನಮ್ಮ ಮಾಮೂಲಿ ಜಾಗದಲ್ಲಿ ಸೇರೋಣ. ಈ ವಾರದ ಪದ 'ಹೊಗು'. ಅಂದರೆ ಒಳಗೆ ಹೋಗು, ಪ್ರವೇಶಿಸು. ಹಳಗನ್ನಡದಲ್ಲಿ ಇದು 'ಪುಗು'. ಪಾಲು ಹಾಲಾದ ಹಾಗೆ ಇಲ್ಲೂ ಪಕಾರ ಹಕಾರವಾಗಿದೆ.

'ಹೊಗು' ಅಂತ ಈಗ ಮಾತಿನಲ್ಲಿ ಜಾಸ್ತಿ ಕೇಳುವುದಿಲ್ಲ. ಆದರೆ 'ಹೊಕ್ಕ', 'ಹೊಕ್ಕು' ಗಟ್ಟಿಯಾಗಿ ಉಳಿದಿವೆ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಅದರೊಳಗೆ ಅಡ್ಡಡ್ಡ ಹಾಯುವ ನೂಲು ಹೊಕ್ಕು. 'ಹಾಸುಹೊಕ್ಕು' ಬಂದದ್ದು ಅಲ್ಲಿಂದಲೇ. ಎಷ್ಟು ಚೆನ್ನಾಗಿದೆ ಅಲ್ವಾ! 'ಮೊರೆಹೊಕ್ಕ', 'ಹೊಕ್ಕುಬಳಕೆ' ಕೂಡ ಇದೇ ಬಳಗದವು. 'ನುಗ್ಗು' ಬೇರೆ, ಅದರಲ್ಲಿ ಬಲವಂತ ಇದೆ.

ಮನೆಯ ಹಿರಿಯರನ್ನು ಕೇಳಿ ಒಂದು ವಾಕ್ಯ ಬರೆದು ತನ್ನಿ. ಮಂಡ್ಯ, ಮಳವಳ್ಳಿ ಕಡೆಯ ಮಾತಾದರೆ ಅವರು ಹೇಳಿದ ಹಾಗೇ ಬರೆಯಿರಿ, ದಯವಿಟ್ಟು ತಿದ್ದಬೇಡಿ. ಮೊಬೈಲಿನಲ್ಲಿ ಟೈಪ್ ಮಾಡುವಾಗ 'ಹೊಗು' ಹೋಗಿ 'ಹೋಗು' ಆಗದಂತೆ ನೋಡಿಕೊಳ್ಳಿ. 1894ರ ಕಿಟ್ಟೆಲ್ ನಿಘಂಟಿನ ಪ್ರತಿ ಯಾರ ಹತ್ತಿರವಾದರೂ ಇದ್ದರೆ ತರುತ್ತೀರಾ?

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಬರಲಾಗದವರು ನಿಮ್ಮ ವಾಕ್ಯವನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸಿ, ಎಲ್ಲರೂ ಕೇಳೋಣ.