ನದಿಗಿಂತ ಮೊದಲು ಬೂದಿ ಹೊಂಡ ಖಾಲಿಯಾಗಲಿ

ಮಾನ್ಯ ಸಂಪಾದಕರೇ,

ನಾನು ರಾಯಚೂರಿನಲ್ಲಿ ಹಾರುಬೂದಿ ಇಟ್ಟಿಗೆ ಮಾಡುವವನು. ಥರ್ಮಲ್ ವಿದ್ಯುತ್ ಸ್ಥಾವರದ ಬೂದಿಯಿಂದಲೇ ನಮ್ಮ ಮನೆ ನಡೆಯುತ್ತದೆ. ಕೃಷ್ಣೆಯನ್ನು ಸ್ವಚ್ಛ ಮಾಡುವ ಮಾತು ಬಂದಾಗ ಚರಂಡಿ ನೀರು, ಪ್ಲಾಸ್ಟಿಕ್ ಎಂದೇ ಚರ್ಚೆಯಾಗುತ್ತದೆ. ಬೂದಿ ಹೊಂಡಗಳ ಮಾತು ಬರುವುದು ಕಡಿಮೆ. ಅದಕ್ಕೇ ಈ ಪತ್ರ.

ಕೃಷ್ಣೆಯ ದಂಡೆಯ ಶಕ್ತಿನಗರದ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ ಸೇರಿ 1,720 ಮೆಗಾವಾಟ್. ಆಮೇಲೆ ಯರಮರಸ್‌ನಲ್ಲಿ 800 ಮೆಗಾವಾಟ್‌ನ ಇನ್ನೆರಡು ಘಟಕ ಬಂದವು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ. ನೂರು ಕೆ.ಜಿ. ಸುಟ್ಟರೆ ಮೂವತ್ತು, ನಲವತ್ತು ಕೆ.ಜಿ. ಬೂದಿ ಉಳಿಯುತ್ತದೆ.

ಈ ಬೂದಿಯಲ್ಲಿ ಎರಡು ಜಾತಿ. ಚಿಮಣಿಗೆ ಹೋಗುವ ಮುಂಚೆ ಹಿಡಿಯುವ ಒಣ ಬೂದಿ ಮುಖಕ್ಕೆ ಹಚ್ಚುವ ಪೌಡರ್‌ನಷ್ಟು ನಯ. ಅದಕ್ಕೆ ಗಿರಾಕಿಗಳಿಗೆ ಕೊರತೆ ಇಲ್ಲ. ಸಿಮೆಂಟ್ ಕಾರ್ಖಾನೆಯ ಬಲ್ಕರ್ ಲಾರಿಗಳು ತುಂಬಿಕೊಂಡು ಹೋಗುತ್ತವೆ, ನಮ್ಮಂಥವರೂ ಒಯ್ಯುತ್ತೇವೆ. ಇನ್ನೊಂದು, ನೀರಿನಲ್ಲಿ ಕಲಸಿ ಪೈಪಿನಲ್ಲಿ ಹೊಂಡಕ್ಕೆ ಬಿಡುವ ಬೂದಿ. ಅದು ಯಾರಿಗೂ ಬೇಡ. ಒದ್ದೆ ಬೂದಿ ತುಂಬಿದರೆ ಲಾರಿ ಬಾಡಿಗೆ ಅರ್ಧ ನೀರಿಗೇ ಹೋಗುತ್ತದೆ. ಇಟ್ಟಿಗೆಗೆ ಸಿಮೆಂಟೂ ಜಾಸ್ತಿ ಹಿಡಿಯುತ್ತದೆ. ಹೀಗಾಗಿ ‘ಬೂದಿ ಇಷ್ಟು ಪರ್ಸೆಂಟ್ ಬಳಕೆಯಾಗಿದೆ’ ಎಂಬ ಲೆಕ್ಕ ಓದುವಾಗ, ಅದರಲ್ಲಿ ಹಳೆ ಹೊಂಡದ ಬೂದಿ ಎಷ್ಟು ಎಂದು ಕೇಳಲೇಬೇಕು.

ಹೊಂಡದ ಬೂದಿಯನ್ನು ಒಂದು ಬಕೆಟ್ ನೀರಿಗೆ ಹಾಕಿ ಕದಡಿ ನೋಡಿ. ಮರಳಿನಂಥ ದಪ್ಪ ಕಾಳು ತಕ್ಷಣ ತಳ ಸೇರುತ್ತದೆ. ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಒಳಗೆ ಪೊಳ್ಳಾಗಿರುವ ಸಣ್ಣ ಮಣಿಗಳು ಅವು, ಮುಳುಗುವುದಿಲ್ಲ. ನಡುವಿನ ಬೂದು ನೀರು ಮಾತ್ರ ಬಹಳ ಹೊತ್ತು ತಿಳಿಯಾಗುವುದಿಲ್ಲ. ಹೊಂಡದಲ್ಲೂ ಹೀಗೇ. ದಪ್ಪ ಬೂದಿ ಪೈಪಿನ ಬಾಯಿಯ ಹತ್ತಿರವೇ ಕೂರುತ್ತದೆ. ತೀರಾ ನುಣ್ಣನೆಯದು ನೀರು ಹೊರಹೋಗುವ ದಾರಿಯವರೆಗೂ ತೇಲಿ ಬರುತ್ತದೆ. ಆರ್ಸೆನಿಕ್, ಸೆಲೆನಿಯಂನಂಥ ವಿಷ ಜಾಸ್ತಿ ಅಂಟಿಕೊಂಡಿರುವುದೂ ಈ ನುಣ್ಣನೆ ಬೂದಿಗೇ. ಮಳೆಗಾಲದಲ್ಲಿ ಹೊಂಡ ತುಂಬಿ ಹರಿದರೆ ಹಳ್ಳ ಹಿಡಿದು ಹೊಳೆ ಸೇರುವುದೂ ಅದೇ. ಶಕ್ತಿನಗರದ ಕೆಳಗೆ ಕುರುವಪುರದಲ್ಲಿ ಭಕ್ತರು ಮುಳುಗಿ ಏಳುತ್ತಾರೆ. ಅದಕ್ಕೂ ಕೆಳಗೆ ಜುರಾಲಾ ಜಲಾಶಯ ಇದೆ.

ಒಮ್ಮೆ ಹೊಳೆಗೆ ಬಿದ್ದ ಬೂದಿಯನ್ನು ಎತ್ತುವುದು ಎಷ್ಟು ಕಷ್ಟ ಎಂಬುದಕ್ಕೆ ಅಮೆರಿಕದ ಟೆನ್ನೆಸ್ಸೀ ರಾಜ್ಯದ ಕಿಂಗ್‌ಸ್ಟನ್ ಊರನ್ನು ನೋಡಬೇಕು. 2008ರ ಡಿಸೆಂಬರ್ 22ರ ನಡುರಾತ್ರಿ ಅಲ್ಲಿನ ಬೂದಿ ಹೊಂಡದ ಒಡ್ಡು ಕುಸಿಯಿತು. ಸುಮಾರು 41 ಲಕ್ಷ ಘನ ಮೀಟರ್ ಬೂದಿ ಕೆಸರು 300 ಎಕರೆ ಮೇಲೆ ಹರಡಿ ಎಮರಿ ನದಿಗೆ ನುಗ್ಗಿತು. ಡ್ರೆಜ್ಜರ್ ಹಾಕಿ ಎತ್ತುತ್ತಾ, ದಂಡೆ ಸರಿಮಾಡುತ್ತಾ 2015 ಬಂತು. ನೂರು ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಯಿತು. ಅಷ್ಟಾದರೂ ಒಂದು ಪಾಲು ನದಿಯ ತಳದಲ್ಲೇ ಉಳಿಯಿತು. ಎತ್ತಿದ್ದರಲ್ಲಿ ಬಹುಪಾಲು ರೈಲಿನಲ್ಲಿ ಅಲಬಾಮಾದ ಪೆರ್ರಿ ಕೌಂಟಿಗೆ ಹೋಯಿತು. ಕಪ್ಪು ಜನ ಹೆಚ್ಚಾಗಿರುವ ಬಡ ಪ್ರದೇಶ ಅದು. ಬೂದಿ ಎತ್ತಿದ ಕೂಲಿಕಾರರಿಗೆ ಸರಿಯಾದ ಮಾಸ್ಕ್ ಸಿಗಲಿಲ್ಲ. ಅವರು ಕಾಯಿಲೆ ಬಿದ್ದು ಕೋರ್ಟಿಗೆ ಹೋದರು. ಬೂದಿ ಎತ್ತುವ ಗುತ್ತಿಗೆ ಹಿಡಿದ ಕಂಪನಿ ಅವರನ್ನು ಕಾಪಾಡುವ ಹೊಣೆ ನಿಭಾಯಿಸಲಿಲ್ಲ ಎಂದು 2018ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ನನಗೆ ಅತಿ ಹೆಚ್ಚು ಸಂಕಟವಾದದ್ದು ಇದನ್ನು ಓದಿ. ಬೂದಿ ಕೆಲಸದ ಆಳುಗಳ ಜೊತೆ ದಿನವೂ ಇರುವವನು ನಾನು. ಒಣಗಿದ ಬೂದಿ ಗಾಳಿಗೆ ಎದ್ದರೆ ಮೂಗಿಗೆ ಕಟ್ಟಿದ ಟವೆಲ್ ಯಾವ ಲೆಕ್ಕಕ್ಕೂ ಬಾರದು.

ನಮ್ಮ ದೇಶದಲ್ಲೂ ಆಗಿದೆ. 2020ರ ಏಪ್ರಿಲ್ 10ರಂದು, ಲಾಕ್‌ಡೌನ್ ಹೊತ್ತಿನಲ್ಲಿ, ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿ ಒಡ್ಡು ಒಡೆದು ಮಕ್ಕಳೂ ಸೇರಿದಂತೆ ಜನ ಕೊಚ್ಚಿಹೋದರು. ಬೂದಿ ರಿಹಂದ್ ಜಲಾಶಯದ ಕಡೆಗೆ ಹರಿಯಿತು.

ನಿಯಮ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ 2021ರ ಡಿಸೆಂಬರ್ 31ರ ಅಧಿಸೂಚನೆ ಪ್ರಕಾರ ಹಳೆ ಹೊಂಡದ ಬೂದಿಯನ್ನೆಲ್ಲ ಹತ್ತು ವರ್ಷದಲ್ಲಿ ಬಳಸಿ ಮುಗಿಸಬೇಕು. ಬಳಸದೆ ಉಳಿಸಿಕೊಂಡರೆ ಟನ್ನಿಗೆ 1,000 ರೂಪಾಯಿ ದಂಡ. ಆದರೆ ಅದೇ ನಿಯಮದಲ್ಲಿ, ಹೊಂಡ ಗಟ್ಟಿಯಾಗಿ ಮೇಲೆ ಹಸಿರು ಬೆಳೆಸಿ ಪ್ರಮಾಣಪತ್ರ ಪಡೆದರೆ ಬೂದಿ ತೆಗೆಯಬೇಕಾಗಿಲ್ಲ ಎಂಬ ವಿನಾಯಿತಿಯೂ ಇದೆ. ಇದು ನನಗೆ ಒಪ್ಪಿಗೆಯಿಲ್ಲ. ಹಳೆ ಕಾಲದ ಹೊಂಡಗಳ ತಳಕ್ಕೆ ಸಾಮಾನ್ಯವಾಗಿ ಯಾವ ಹಾಸೂ ಇರುವುದಿಲ್ಲ. ಮೇಲೆ ಗಿಡ ನೆಟ್ಟ ಮಾತ್ರಕ್ಕೆ ಕೆಳಗೆ ನೀರು ಇಂಗುವುದು ನಿಲ್ಲುತ್ತದಾ? ನದಿ ದಂಡೆಯ ಹೊಂಡಗಳಿಗೆ ಈ ವಿನಾಯಿತಿ ಕೊಡಲೇಬಾರದು.

ಹೊಂಡದ ಬೂದಿಗೆ ದಾರಿ ಇದೆ. ಹೆದ್ದಾರಿ ಏರಿಗೆ, ಖಾಲಿ ಗಣಿಗಳನ್ನು ತುಂಬಲು ಅದು ಆಗುತ್ತದೆ. ಗಣಿಗೆ ಸುರಿಯುವ ಮುಂಚೆ ಅಲ್ಲಿನ ಅಂತರ್ಜಲ ನೋಡಬೇಕು, ಇಲ್ಲದಿದ್ದರೆ ನಮ್ಮ ಕಷ್ಟ ಬೇರೆಯವರ ಬಾವಿಗೆ ಹೋಗುತ್ತದೆ ಅಷ್ಟೆ. 300 ಕಿ.ಮೀ. ಒಳಗಿನ ರಸ್ತೆ ಕಾಮಗಾರಿಗಳು ಬೂದಿ ಬಳಸಬೇಕೆಂದು ನಿಯಮವೇ ಹೇಳುತ್ತದೆ. ಲೋಕೋಪಯೋಗಿ ಇಲಾಖೆ ತನ್ನ ಟೆಂಡರ್‌ನಲ್ಲಿ ‘ಹೊಂಡದ ಬೂದಿ’ ಎಂದೇ ಸ್ಪಷ್ಟವಾಗಿ ಬರೆಯಲಿ. ಬೇಸಿಗೆಯಲ್ಲಿ, ಮಳೆಗೆ ಮುಂಚೆ, ಒದ್ದೆಯಿರುವಾಗಲೇ ಟಾರ್ಪಾಲು ಹೊದಿಸಿ ಸಾಗಿಸಲಿ. ಎತ್ತುವವರಿಗೆ ಒಳ್ಳೆ ಮಾಸ್ಕ್ ಕೊಡಲಿ, ವರ್ಷಕ್ಕೊಮ್ಮೆ ಶ್ವಾಸಕೋಶ ತಪಾಸಣೆ ಮಾಡಿಸಲಿ. ಹೊಂಡದ ಸುತ್ತಲಿನ ಬೋರ್‌ವೆಲ್ ನೀರಿನ ಆರ್ಸೆನಿಕ್, ಸೆಲೆನಿಯಂ, ಪಾದರಸದ ಅಳತೆಯನ್ನು ಮಳೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿ ಬೋರ್ಡಿಗೆ ಹಚ್ಚಲಿ. ಜಿಲ್ಲಾಡಳಿತ ಈ ಬೇಸಿಗೆಯಲ್ಲೇ ಒಂದು ಹೊಂಡದಿಂದ ಕೆಲಸ ಶುರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

— ಹಾರುಬೂದಿ ಇಟ್ಟಿಗೆ ತಯಾರಕ, ರಾಯಚೂರು